ಏಳು ಟ್ಯೂಲಿಪ್

ನಮ್ಮ ರೀಗಾದಲ್ಲಿ ಹೆಸರಿಗೂ ಒಂದು ದಿನವಿದೆ.
ಕ್ಯಾಲೆಂಡರಿನಲ್ಲೇ ಅಚ್ಚಾಗಿರುತ್ತದೆ:
ಇವತ್ತು ಇಂಥವರದು, ನಾಳೆ ಇನ್ನಿಬ್ಬರದು.
ಆ ದಿನ ಯಾರೂ ಯಾರನ್ನೂ ಕರೆಯುವುದಿಲ್ಲ,
ಬಂದವರನ್ನು ಯಾಕೆ ಬಂದೆ ಎನ್ನುವುದಿಲ್ಲ.
ಕೇಕು ಕತ್ತರಿಸಿಟ್ಟಿರುತ್ತದೆ, ಅಷ್ಟೆ.

ನನ್ನ ಕಸುಬಿಗೆ ಇದಕ್ಕಿಂತ ಒಳ್ಳೆ ಕೀಲಿ ಬೇಕೆ?

ನಾನು ಕಳ್ಳನಲ್ಲ. ಕಳ್ಳನ ಪಾಠ ಒಪ್ಪಿಸುವವನು.
ಕಂಪನಿಯೇ ಕರಾರು ಬರೆದು, ಮುಂಗಡ ಕೊಟ್ಟು,
‘ನಮ್ಮವರು ಎಷ್ಟು ಎಚ್ಚರ, ನೋಡಿ ಹೇಳಿ’ ಎಂದಿತ್ತು.
ಜೇಬಿನಲ್ಲಿ ಮಡಿಸಿದ ಪತ್ರ, ಸಿಕ್ಕಿಬಿದ್ದರೆ ತೋರಿಸಲು.
ಹನ್ನೊಂದು ವರ್ಷದಲ್ಲಿ ಎರಡೇ ಸಲ ಬಿಡಿಸಿದ್ದೇನೆ;
ಮಡಿಕೆ ಮಾತ್ರ ಜೇಬಿನಲ್ಲೇ ಸವೆದು ಹರಿದಿದೆ.

ದೌಗಾವಾ ದಂಡೆಯ ಮರ ಸಾಗಣೆಯ ಕಚೇರಿ.
ಮೂರು ವಾರ ಹೊರಗಿನಿಂದಲೇ ಓದಿದೆ:
ಯಾರ ಮೇಲೆ ಯಾರು, ಯಾರಿಗೆ ರಜೆ,
ಲಿಯೆಪಾಯ ಶಾಖೆಗೆ ಹೊಸದಾಗಿ ಸೇರಿದವನು ಯಾರು,
ಸ್ವಾಗತದ ಮೇಜಿನ ಮಿರ್ತಾಳ ನಾಯಿಗೆ
ಯಾವ ಕಣ್ಣಲ್ಲಿ ಪೊರೆ.
ಎಲ್ಲ ಅವರೇ ಹಾಕಿದ ಫೋಟೊಗಳಲ್ಲಿತ್ತು.

ಏಪ್ರಿಲ್. ಮಿರ್ತಾಳ ದಿನ.
ಮಾರುಕಟ್ಟೆಯ ಮುದುಕಿ ಎಣಿಸಿ ಕೊಟ್ಟಳು, ಏಳು ಟ್ಯೂಲಿಪ್.
ಬದುಕಿದವರಿಗೆ ಬೆಸ, ಸತ್ತವರಿಗೆ ಸರಿ;
ಹೂವಿನ ಲೆಕ್ಕದಲ್ಲಿ ನಮಗೆ ಸರಿಯೇ ತಪ್ಪು.
ಟ್ರಾಮಿನ ಬಾಗಿಲು ಒಂದರ ಕತ್ತು ಮುರಿದದ್ದು
ನನಗೆ ಗೊತ್ತೇ ಆಗಲಿಲ್ಲ.

ಗಾಜಿನ ಬಾಗಿಲ ಮುಂದೆ ನಿಂತೆ:
ಒಂದು ಕೈಯಲ್ಲಿ ಹೂ, ಇನ್ನೊಂದರಲ್ಲಿ ರಟ್ಟಿನ ಡಬ್ಬ,
ಕಾರ್ಡು ಎಲ್ಲಿ ಎಂದು ಕೇಳಲು ಮನಸ್ಸಾಗದಷ್ಟು
ತುಂಬಿದ ಕೈ.
ಮಿರ್ತಾ ಎದ್ದು ಬಂದು ತಾನೇ ಬಾಗಿಲು ಹಿಡಿದಳು.
‘ಲಿಯೆಪಾಯದಿಂದ’ ಎಂದೆ. ‘ಓ, ಹೊಸಬ!’ ಎಂದಳು.
ಉಳಿದ ಸುಳ್ಳನ್ನೆಲ್ಲ ನನ್ನ ಪರವಾಗಿ
ಅವಳೇ ಹೇಳಿಕೊಂಡಳು.

ಹೂವಿನ ಜೊತೆ ನಾರೂ ಒಳಗೆ ಹೋಯಿತು.

ಹೂ ನೋಡಿದಳು. ತುಟಿ ಅಲ್ಲಾಡಿತು, ಎಣಿಸಿದಳು.
ಆರು.
ಏನೂ ಅನ್ನದೆ ಒಂದನ್ನು ಎಳೆದು
ನನ್ನ ಕೋಟಿನ ಗುಂಡಿಯ ಕಾಜಕ್ಕೆ ಸಿಕ್ಕಿಸಿದಳು,
ನನಗೆ ನಾಚಿಕೆಯಾಗಬಾರದೆಂದು.
ಅದನ್ನು ಸಿಕ್ಕಿಸಿಕೊಂಡೇ ಎರಡನೆಯ ಮಹಡಿಗೆ ಹೋದೆ,
ಪ್ರಿಂಟರಿನ ಹಿಂದೆ ಬೆರಳುದ್ದದ ಪೆಟ್ಟಿಗೆ ಚುಚ್ಚಿದೆ,
ಮೂರು ಮೇಜಿನ ಮೇಲೆ ‘ಸಂಬಳ ಪರಿಷ್ಕರಣೆ’ ಎಂಬ ಚೀಟಿ ಅಂಟಿಸಿದ
ಪೆನ್‌ಡ್ರೈವ್ ಬಿಟ್ಟೆ,
ಇಳಿದು ಬಂದು ಅವಳ ಗಸಗಸೆ ಕೇಕು ತಿಂದೆ.
ಚೆನ್ನಾಗಿತ್ತು.

ವರದಿಯಲ್ಲಿ ಬರೆದದ್ದು:
ಪ್ರವೇಶ, ನಾಲ್ಕು ನಿಮಿಷ. ಕೇಳಿದ ಪ್ರಶ್ನೆ, ಸೊನ್ನೆ.
ಕಾಜದ ಹೂವಿಗೆ ಆ ನಮೂನೆಯಲ್ಲಿ ಅಂಕಣವಿರಲಿಲ್ಲ.

ಆಮೇಲೆ ತರಬೇತಿ. ಪರದೆಯ ಮೇಲೆ ಆ ಬಾಗಿಲು, ಆ ನಾಲ್ಕು ನಿಮಿಷ.
ಮುಖ ಮಸುಕು ಮಾಡಿದ್ದೆ;
ಆದರೆ ಇಡೀ ಕಚೇರಿಗೆ ಆ ಹಸಿರು ಸ್ವೆಟರ್ ಒಂದೇ.
ಲೆಕ್ಕಪತ್ರದ ಗಾತಿಸ್ ಎಲ್ಲರಿಗಿಂತ ಜೋರಾಗಿ ನಕ್ಕ.
ಮೂರು ಪೆನ್‌ಡ್ರೈವಿನಲ್ಲಿ ಎರಡನ್ನು ಅವನೇ ತೆರೆದಿದ್ದ.
ನಾನು ಹೇಳಲಿಲ್ಲ. ಹೇಳಬೇಕಿತ್ತು.
ಪ್ರಶ್ನೆಗಳಿವೆಯೇ ಎಂದೆ. ಮಿರ್ತಾ ಕೈಯೆತ್ತಿದಳು:
‘ಆ ಹೂ ಏನು ಮಾಡಿದಿರಿ?’

ಮತ್ತೆ ಏಪ್ರಿಲ್. ಕರಾರಿಲ್ಲ, ಜೇಬಿನಲ್ಲಿ ಪತ್ರವಿಲ್ಲ.
ಏಳು ಟ್ಯೂಲಿಪ್, ಟ್ರಾಮು ಹತ್ತದೆ ನಡೆದೇ ಹೋದೆ.
ಮಿರ್ತಾ ಎದ್ದಳು, ಬಾಗಿಲು ತೆರೆಯಲಿಲ್ಲ.
ಧ್ವನಿಪೆಟ್ಟಿಗೆಯಲ್ಲಿ ಕೇಳಿದಳು: ‘ಕಾರ್ಡು?’
‘ಇದು ಪರೀಕ್ಷೆಯಲ್ಲ’ ಎಂದೆ.
‘ಪರೀಕ್ಷೆಗೆ ಬಂದವರು ಹಾಗೇ ಹೇಳುತ್ತಾರಂತಲ್ಲ,
ನೀವೇ ಕಲಿಸಿದ್ದು.’

ನನ್ನ ಪಕ್ಕಕ್ಕೆ ಗಾತಿಸ್ ಬಂದು ನಿಂತ,
ಎದೆಯುದ್ದ ಕಡತ ಹೊತ್ತುಕೊಂಡು.
ಅವನಿಗೂ ಅದೇ ಪ್ರಶ್ನೆ.
ಗೊಣಗುತ್ತ ಎಲ್ಲ ನೆಲಕ್ಕಿಟ್ಟು ಜೇಬು ತಡಕಿದ.
ಅವನು ಒಳಹೋದ. ಬಾಗಿಲು ಅವನ ಬೆನ್ನಿಗೇ ಮುಚ್ಚಿತು.

ಒಳಗೆ ಕೇಕು ಕತ್ತರಿಸುತ್ತಿದ್ದರು.
ನಾನು ಹೂವನ್ನು ಗಾಜಿಗೆ ಒತ್ತಿ ಹಿಡಿದೆ.
ಆಚೆ ಅವಳ ತುಟಿ ಅಲ್ಲಾಡಿತು,
ಎಣಿಸುತ್ತಿದ್ದಳು.